ಊಟದ ರಸೀದಿ

ಚಿಕ್ಕಬಳ್ಳಾಪುರದಿಂದ ಧಾರವಾಡಕ್ಕೆ ಮರಳಿ ವಾರವಾಗಿತ್ತು. ನಾನು ಕೊಟ್ಟಿದ್ದ ಪ್ರಯಾಣ ಭತ್ಯೆಯ ಅರ್ಜಿ ತಿರುಗಿ ಬಂದು ನನ್ನ ಮೇಜಿನ ಮೇಲೆ ಕೂತಿತ್ತು. ಅಂಚಿನಲ್ಲಿ ಕೆಂಪು ಶಾಯಿಯ ಒಂದೇ ಸಾಲು: ‘ನಾಲ್ಕು ದಿನದ ಮಧ್ಯಾಹ್ನದ ಊಟಕ್ಕೆ ರಸೀದಿ ಲಗತ್ತಿಸಿಲ್ಲ.’ ಲಾಡ್ಜಿನ ಬಿಲ್ಲಿತ್ತು, ಬಸ್ಸಿನ ಟಿಕೆಟ್ಟಿತ್ತು, ಬೆಳಗಿನ ಇಡ್ಲಿಗೂ ಚೀಟಿಯಿತ್ತು. ಕಾಗದ ನೋಡಿದವರಿಗೆ ನಾನು ನಾಲ್ಕೂ ದಿನ ಇಡ್ಲಿ ತಿಂದು ಏಕಾದಶಿ ಮಾಡಿದ ಹಾಗೆ ಕಾಣಬೇಕು. ಊರೂರು ತಿರುಗಿ ಕಂಡವರ ರಸೀದಿ ಕೇಳುವುದೇ ನನ್ನ ಕಸುಬು. ಹಾಗಾಗಿ ಯಾರ ಮೇಲೂ ಸಿಟ್ಟಾಗುವಂತಿರಲಿಲ್ಲ. ಅದಕ್ಕೇ ಸಿಟ್ಟು ಜಾಸ್ತಿಯಾಯಿತು.

ಉಂಡದ್ದೆಲ್ಲಿ ಅಂದರೆ, ಬಸ್ ನಿಲ್ದಾಣದ ಹಿಂದಿನ ಓಣಿಯ ಒಂದು ಮನೆಯಲ್ಲಿ. ಬೋರ್ಡಿಲ್ಲ, ಹೆಸರಿಲ್ಲ. ಜಗಲಿಯಲ್ಲಿ ನಾಲ್ಕು ಮೇಜು. ಒಳಗೆ ಅಮ್ಮ ಬೇಯಿಸುತ್ತಾರೆ, ಹೊರಗೆ ಯಜಮಾನರು ಬಡಿಸುತ್ತಾರೆ. ಅವರು ನನ್ನನ್ನು ಕನ್ನಡದಲ್ಲಿ “ಎಷ್ಟು ಮುದ್ದೆ ಸಾರ್?” ಎಂದು ಕೇಳಿ, ಒಳಗೆ ತೆಲುಗಿನಲ್ಲಿ “ರೆಂಡು ಮುದ್ದಲು!” ಎಂದು ಕೂಗುವರು. ಹೊಸ್ತಿಲು ದಾಟುವಷ್ಟರಲ್ಲಿ ಮುದ್ದೆ ಭಾಷೆ ಬದಲಿಸಿಕೊಂಡು ಬರುತ್ತಿತ್ತು. ರುಚಿಯೇನೂ ಬದಲಾಗುತ್ತಿರಲಿಲ್ಲ.

ಜೋಳದ ರೊಟ್ಟಿಯವನು ನಾನು. ಖಡಕ್ ರೊಟ್ಟಿ ಬಾಯಲ್ಲಿ ಕರಕರ ಅನ್ನದಿದ್ದರೆ ನಮಗೆ ಉಂಡ ಹಾಗೇ ಅನ್ನಿಸುವುದಿಲ್ಲ. ಮೊದಲ ದಿನ ಮುದ್ದೆಯನ್ನೂ ಹಾಗೇ ಅಗಿಯಲು ಹೋದೆ. ಅದು ಅಂಗುಳಕ್ಕೆ ಮೆತ್ತಿಕೊಂಡಿತು. ಎದುರು ಕೂತ ಹಿರಿಯರೊಬ್ಬರು ಸ್ವಲ್ಪ ಹೊತ್ತು ನೋಡಿ, ತಡೆಯಲಾರದೆ, “ಅಗೀಬಾರ್ದು ಸಾರ್, ನುಂಗ್ಬೇಕು” ಎಂದರು. ಅಷ್ಟಕ್ಕೇ ಬಿಡಲಿಲ್ಲ. ತಮ್ಮ ತಟ್ಟೆಯಲ್ಲೇ ತೋರಿಸಿದರು: ಚಿಟಿಕೆಯಷ್ಟು ಮುರಿ, ಬೆರಳಲ್ಲಿ ಉರುಟು ಮಾಡು, ಸಾರಲ್ಲಿ ಹೊರಳಿಸು, ನಾಲಗೆಯ ಮೇಲಿಟ್ಟು ಬಿಟ್ಟುಬಿಡು. ಐವತ್ತು ದಾಟಿದವನಿಗೆ ಯಾರೋ ಉಣ್ಣಲು ಕಲಿಸುತ್ತಿದ್ದರು. ಸುತ್ತಲಿನವರೂ ಕೈ ನಿಲ್ಲಿಸಿ ನೋಡುತ್ತಿದ್ದರು. ಮೂರನೇ ತುತ್ತು ಸರಾಗವಾಗಿ ಇಳಿದಾಗ ಅವರೆಲ್ಲ ಮತ್ತೆ ಊಟಕ್ಕೆ ತೊಡಗಿದರು.

ಮುದ್ದೆಯನ್ನು ಇಳಿಸಿದ್ದು ನನ್ನ ಜಾಣತನವಲ್ಲ, ಸಾರು. ಜನವರಿ ತಿಂಗಳು, ಹಿತಕಿದ ಬೇಳೆಯ ಕಾಲ. ನಮ್ಮಲ್ಲಿ ಅವರೆಕಾಳು ಪಲ್ಯವಾಗಿ ತಟ್ಟೆಯ ಮೂಲೆ ಹಿಡಿದು ಕೂರುತ್ತದೆ. ಈ ಸೀಮೆಯಲ್ಲಿ ಅದು ಚಳಿಗಾಲದ ಯಜಮಾನ. ಬೆಳಿಗ್ಗೆ ಸಂತೆಗೆ ಬರುವ ಕಾಯಿ ಮುಟ್ಟಿದರೆ ಬೆರಳಿಗೆ ಎಣ್ಣೆ ಅಂಟಿದಂತೆ ಆಗುತ್ತದೆ, ಆ ವಾಸನೆ ಸಾಯಂಕಾಲದವರೆಗೂ ಕೈಬಿಡದು. ಅದಕ್ಕೆ ಸೊಗಡು ಅನ್ನುತ್ತಾರೆ. ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚಂತೆ. ಕಾಯಿ ಸುಲಿದು, ಕಾಳು ನೆನೆಹಾಕಿ, ಒಂದೊಂದನ್ನೇ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹಿತಕಬೇಕು. ಸಿಪ್ಪೆ ಬೆರಳಲ್ಲಿ ಉಳಿದು ಬೇಳೆ ಪಾತ್ರೆಗೆ ಚಿಮ್ಮುತ್ತದೆ. ಒಂದು ಸೇರು ಕಾಳಿಗೆ ಎಷ್ಟು ಸಲ ಹಿತಕಬೇಕು? ನಾನು ಕೇಳಿದೆ, ಕಸುಬಿನ ಚಟ. ಅಮ್ಮ ಒಳಗಿನಿಂದಲೇ, “ಎಣಿಸ್ತಾ ಕೂತ್ರೆ ಹಿತಕೋರ್ಯಾರು ಸಾರ್?” ಎಂದರು.

ಇನ್ನೊಂದು ಸಂಗತಿ ತಿಳಿದದ್ದು ಆ ಹಿರಿಯರಿಂದ. ರಾಗಿ ಹೊಲದಲ್ಲಿ ಅಲ್ಲಲ್ಲಿ ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳು ಹಾಕುತ್ತಾರೆ. ರಾಗಿ ಕೊಯ್ದು ಹೊಲ ಬರಿದಾದ ಮೇಲೂ ಅವರೆ ಇಬ್ಬನಿ ಕುಡಿದುಕೊಂಡು ನಿಂತು ಕಾಯಿ ಬಿಡುತ್ತದೆ. ಮುದ್ದೆಗೆ ಯಾವ ಸಾರು ಹೊಂದುತ್ತದೆ ಎಂಬುದನ್ನು ಅಡುಗೆಮನೆ ಕಂಡುಹಿಡಿದದ್ದಲ್ಲ, ಆ ಹೊಲವೇ ಬಿತ್ತನೆಯ ದಿನ ತೀರ್ಮಾನಿಸಿಬಿಟ್ಟಿತ್ತು. ಇನ್ನು ಆ ರಾಗಿಗೂ ಒಂದು ಕಥೆಯಿದೆ. ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿ ನಮ್ಮ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ತಂದರು. ರಾಗಿಯ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು. ಅದನ್ನು ಹಿಡಿದು ಬೀಗತನ ಬೆಳೆಸುವುದೆಂದರೆ ಅವರೆ ಹಿತಕುವುದಕ್ಕಿಂತ ನೂರು ಪಾಲು ತಾಳ್ಮೆಯ ಕೆಲಸ. ಅವರು ಅದನ್ನು ಮಾಡಿದ್ದು ಮಂಡ್ಯದ ವಿ.ಸಿ. ಫಾರಂನಲ್ಲಿ. ವಿ.ಸಿ. ಅಂದರೆ ವಿಶ್ವೇಶ್ವರಯ್ಯ ಕಾಲುವೆ.

ಆ ಹೆಸರಿನವರ ಊರು ಚಿಕ್ಕಬಳ್ಳಾಪುರದ ಪಕ್ಕದಲ್ಲೇ ಇತ್ತು. ಮೂರನೇ ದಿನ ನಾನು ನೋಡಬೇಕಾದ ಕಡತಗಳು ಸಂಜೆಯವರೆಗೆ ಸಿಗುವುದಿಲ್ಲ ಎಂದಾಯಿತು. ಮುದ್ದೇನಹಳ್ಳಿಗೆ ಆಟೋ ಹಿಡಿದೆ. ನಿಜ ಹೇಳುತ್ತೇನೆ, ಎಳೆದದ್ದು ಸರ್ ಎಂ.ವಿ. ಅಲ್ಲ, ಊರಿನ ಹೆಸರು. ಮುದ್ದೇನಹಳ್ಳಿಯಲ್ಲಿ ಎಂಥ ಮುದ್ದೆ ಸಿಗಬಹುದು! ಚಹದ ಅಂಗಡಿಯಲ್ಲಿ ವಿಚಾರಿಸಿದೆ. “ಚಿತ್ರಾನ್ನ ಐತೆ” ಎಂದರು.

ವಸ್ತುಸಂಗ್ರಹಾಲಯದಲ್ಲಿ ಸರ್ ಎಂ.ವಿ. ಅವರ ಕನ್ನಡಕ, ಪುಸ್ತಕ, ವಿಸಿಟಿಂಗ್ ಕಾರ್ಡಿನ ಅಚ್ಚು, ಕನ್ನಂಬಾಡಿ ಕಟ್ಟೆಯ ಮಾದರಿ. ಚಹದ ಕಪ್ಪುಗಳೂ ಇದ್ದವು. ಹಸಿದವನ ಕಣ್ಣು ಮೊದಲು ಹೋದದ್ದು ಅವುಗಳ ಕಡೆಗೇ. ಸಮಾಧಿಯ ಬಳಿ ಸ್ವಲ್ಪ ಹೊತ್ತು ಕೂತೆ. ಎದುರಿಗೆ ನಂದಿಯ ಸಾಲು ಬೆಟ್ಟ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ ಹುಟ್ಟುವುದು ಆ ಬೆಟ್ಟಗಳ ಸೀಮೆಯಲ್ಲೇ. ಆದರೂ ಇಲ್ಲಿಯವರು ನೀರಿಗಾಗಿ ಬೋರು ಕೊರೆಯುತ್ತಲೇ ಇದ್ದಾರೆ. ಬೋರಿನ ಗಡಸು ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲವೆಂದು ನಾನು ಉಣ್ಣುತ್ತಿದ್ದ ಮನೆಯ ಅಮ್ಮ ಸಾರಿಗೆ ಕ್ಯಾನ್ ನೀರು ಬಳಸುತ್ತಿದ್ದರು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಗೊಳಿಸಿ ಈಗ ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ತುಂಬಿಸುತ್ತಾರೆ. ಕಾವೇರಿಗೆ ಕಟ್ಟೆ ಕಟ್ಟಿಸಿದವರ ತವರಿಗೆ ರಾಜಧಾನಿ ಕಳಿಸುವ ಉಡುಗೊರೆ ಇದು. ನಗಬೇಕೋ ಬೇಡವೋ ತಿಳಿಯಲಿಲ್ಲ.

ಅಲ್ಲಿ ಕೂತಾಗಲೇ ಶಾಲೆಯಲ್ಲಿ ಕೇಳಿದ್ದ ಅವರ ಎರಡು ಮೇಣದಬತ್ತಿಯ ಕಥೆ ನೆನಪಾಯಿತು: ಸರ್ಕಾರಿ ಕೆಲಸಕ್ಕೆ ಸರ್ಕಾರದ ಬತ್ತಿ, ಸ್ವಂತ ಪತ್ರಕ್ಕೆ ಸ್ವಂತ ಬತ್ತಿ. ನಡೆದದ್ದೋ ಕಟ್ಟಿದ್ದೋ, ಲೆಕ್ಕದವರ ಮೈಗೆ ಚೆನ್ನಾಗಿ ಚುಚ್ಚುವ ಕಥೆ. ನಾನು ದಿನಕ್ಕೆರಡು ಮುದ್ದೆ ನುಂಗುತ್ತಿದ್ದೆ. ಹಸಿವಿಗಾಗಿ ಉಂಡ ಮೊದಲನೆಯದು ಕಚೇರಿಯದು ಎನ್ನೋಣ. ಎರಡನೆಯದು?

ಕೆಲಸ ಮುಗಿದಿರಲಿಲ್ಲವಾಗಿ ಮಾರ್ಚಿನಲ್ಲಿ ಮತ್ತೆ ಹೋದೆ. ಅವರೆ ಮುಗಿದಿತ್ತು, ಅಂದು ಬಸ್ಸಾರು. ಉಂಡೆದ್ದು ಜನವರಿಯ ಊಟಕ್ಕೆ ರಸೀದಿ ಕೇಳಿದೆ. ಯಜಮಾನರು ಹೆಂಡತಿಯ ಮುಖ ನೋಡಿದರು. ಅಮ್ಮ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಪೆನ್ನು ಹಿಡಿದರು.

“ದಿನಕ್ಕೊಂದೇ ಮುದ್ದೆ ಬರೀರಿ, ಅಮ್ಮಾ.”

“ಎರಡು ತಿಂತಿದ್ರಲ್ಲ ಸಾರ್?”

“ಇನ್ನೊಂದು ನಂದು.”

ಅವರು ವಾದಿಸದೆ ಬರೆದು, ಸಹಿ ಹಾಕಿ ಕೊಟ್ಟರು: ‘ದಿನ 4. ಮುದ್ದೆ 4. ಸಾರಿಗೆ ಲೆಕ್ಕವಿಲ್ಲ.’

ಹೆಮ್ಮೆಯಿಂದ ಅರ್ಜಿಗೆ ಲಗತ್ತಿಸಿದೆ. ಮೊನ್ನೆ ತಿರುಗಿ ಬಂತು. ಕೆಂಪು ಶಾಯಿಯಲ್ಲಿ ಹೊಸ ಸಾಲು: ‘ಊಟ ಸರಿಯಿದೆ. ಸಾರಿಗೆಗೆ ಲೆಕ್ಕ ಏಕಿಲ್ಲ? ಬಳಸಿದ ವಾಹನದ ವಿವರ ಒದಗಿಸಿ.’