ಅಟ್ಟದಿಂದ ಗುಜರಿಗೆ

ರಸೆಲ್ ಮಾರುಕಟ್ಟೆ ಬೆಂಗಳೂರಿಗರಿಗೆಲ್ಲ ಗೊತ್ತು. ಅದರ ಗದ್ದಲ ದಾಟಿ ಶಿವಾಜಿನಗರದ ಗುಜರಿ ಓಣಿಗಳಿಗೆ ಕಾಲಿಟ್ಟರೆ ಬೇರೆಯೇ ಲೋಕ. ಬಿಚ್ಚಿದ ಕಾರುಗಳ ಬಾಗಿಲು ಒಂದೆಡೆ, ಗೇರ್‌ಬಾಕ್ಸ್ ಇನ್ನೊಂದೆಡೆ, ನೆಲವೆಲ್ಲ ಎಣ್ಣೆಗಪ್ಪು.

ಮೊನ್ನೆ ರಜೆಯಲ್ಲಿ ಅಟ್ಟ ಶುಚಿ ಮಾಡಿ, ಹಳೆಯ ಸ್ಕೂಟರಿನ ಬಿಡಿಭಾಗಗಳ ಚೀಲ ಹೊತ್ತು ನಾನೂ ಅಲ್ಲಿಗೆ ಹೋದೆ. ಸ್ಕೂಟರ್ ಮಾರಿ ಹದಿನೈದು ವರ್ಷವಾದರೂ 'ಎಂದಾದರೂ ಬೇಕಾದೀತು' ಎಂದು ಚೀಲ ಮಾತ್ರ ಉಳಿದಿತ್ತು. ಅಂಗಡಿಯವರು ಅದನ್ನು ನೆಲಕ್ಕೆ ಸುರಿದು ಕಬ್ಬಿಣ, ಅಲ್ಯೂಮಿನಿಯಂ, ತಾಮ್ರವೆಂದು ಕ್ಷಣದಲ್ಲಿ ಬೇರ್ಪಡಿಸಿದರು. ಪಕ್ಕದಲ್ಲಿದ್ದ ಮೆಕ್ಯಾನಿಕ್ ಹುಡುಗ ಕಾರ್ಬುರೇಟರ್ ಎತ್ತಿಕೊಂಡ. "ಸಾರ್, ಇದಕ್ಕೇ ಎರಡು ತಿಂಗಳಿಂದ ಅಲೀತಿದ್ದೆ" ಎಂದ. ನನಗೆ ನಾಚಿಕೆಯಾಯಿತು. ಅವನ ಕೆಲಸ ನಿಲ್ಲಿಸಿದ್ದ ವಸ್ತು ನನ್ನ ಅಟ್ಟದಲ್ಲಿ ದೂಳು ಹಿಡಿದು ಬಿದ್ದಿತ್ತು!

ದ್ರವ್ಯವನ್ನು ಸೃಷ್ಟಿಸಲಾಗದು, ನಾಶಮಾಡಲೂ ಆಗದು ಎಂದು ತರಗತಿಯಲ್ಲಿ ಪಾಠ ಹೇಳುವವನು ನಾನು. ಅದಿರಿನಿಂದ ಅಲ್ಯೂಮಿನಿಯಂ ತೆಗೆಯಲು ಬೇಕಾಗುವ ಶಕ್ತಿಯ ಸುಮಾರು ಶೇ. 5ರಷ್ಟರಲ್ಲೇ ಹಳೆಯದನ್ನು ಕರಗಿಸಿ ಮತ್ತೆ ಬಳಸಬಹುದು. ಕೂಡಿಟ್ಟರೆ ಆ ಉಳಿತಾಯ ಯಾರಿಗೂ ಇಲ್ಲ.

ಒಂದು ಎಚ್ಚರಿಕೆ. ಟ್ಯೂಬ್‌ಲೈಟಿನಲ್ಲಿ ಪಾದರಸವಿದೆ, ಹಳೆಯ ಸರ್ಕ್ಯೂಟ್ ಬೋರ್ಡಿನ ಬೆಸುಗೆಯಲ್ಲಿ ಸೀಸವಿದೆ. ಇವನ್ನು ಒಡೆಯದೆ, ಸುಡದೆ ಅಧಿಕೃತ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೇ ಕೊಡಬೇಕು.

ವಿದ್ಯಾರ್ಥಿಗಳೇ, ಪರೀಕ್ಷೆ ಮುಗಿದ ಮೇಲೆ ನಿಮ್ಮ ಕಪಾಟು ತೆರೆಯಿರಿ. ನಿಮ್ಮ ಹಳೆಯ ಪಠ್ಯಪುಸ್ತಕಕ್ಕೆ ಕಾದಿರುವ ಹುಡುಗ ಪಕ್ಕದ ಬೀದಿಯಲ್ಲೇ ಇರಬಹುದು. ಪಾಲಕರೇ, ಅಟ್ಟ ನಿಮ್ಮ ಪಾಲಿಗೆ.