ಎಣಿಕೆಗೆ ಸಿಕ್ಕ ಸ್ವಾತಂತ್ರ್ಯ

ಆಂಗ್ಲಭಾಷೆಯ ಕೆಲವು ನಾಮಪದಗಳು ಒಮ್ಮೆ ಎಣಿಕೆಗೆ ಒಳಪಡುವುವು, ಒಮ್ಮೆ ಒಳಪಡವು. 'ಐರನ್' ಎಂದರೆ ಕಬ್ಬಿಣ. ಬಹುವಚನದ 'ಐರನ್ಸ್' ಸೆರೆಯಾಳಿನ ಸಂಕೋಲೆಯೂ ಆದೀತು.

'ಲಿಬರ್ಟಿ'ಯ ಕಥೆ ಇನ್ನೂ ಗಹನವಾದುದು. ೧೨೧೫ರಲ್ಲಿ ಇಂಗ್ಲೆಂಡಿನ ಜಾನ್ ದೊರೆ ಮುದ್ರೆಯೊತ್ತಿಸಿದ ಮ್ಯಾಗ್ನ ಕಾರ್ಟ ಲ್ಯಾಟಿನ್ ಶಾಸನ; ಅದರ ಆಂಗ್ಲಾನುವಾದದಲ್ಲಿ ಕಾಣುವುದು 'ಲಿಬರ್ಟೀಸ್' ಎಂಬ ಬಹುವಚನ. ಅವು ದೊರೆಯು ಎಣಿಸಿಕೊಟ್ಟ ಹಕ್ಕುಗಳು. ಎಣಿಸಿಕೊಟ್ಟದ್ದನ್ನು ಹಿಂದೆಗೆಯುವುದೂ ಸುಲಭವಷ್ಟೆ. ಅದೇ ವರ್ಷ ದೊರೆಯ ಬಿನ್ನಹದಂತೆ ಪೋಪನು ಶಾಸನವನ್ನು ರದ್ದುಮಾಡಿದನು.

೧೮೫೯ರಲ್ಲಿ ಜಾನ್ ಸ್ಟೂಅರ್ಟ್ ಮಿಲ್ಲನು ತನ್ನ ಗ್ರಂಥಕ್ಕೆ 'ಆನ್ ಲಿಬರ್ಟಿ' ಎಂದು ಹೆಸರಿಟ್ಟನು. ಇಲ್ಲಿ ಪದವು ಬೆಳಕಿನಂತೆ ಅಖಂಡವಾಯಿತು. ಆದರೆ ಹಿಂದುಳಿದವೆಂದು ತಾನು ಬಗೆದ ಸಮಾಜಗಳಿಗೆ ಈ ತತ್ತ್ವವು ಸಲ್ಲದೆಂದು ಅದೇ ಗ್ರಂಥದಲ್ಲಿ ಬರೆದನು. ಈಸ್ಟ್ ಇಂಡಿಯಾ ಕಂಪೆನಿಯ ಕಚೇರಿಯಲ್ಲಿ ೩೫ ವರ್ಷ ದುಡಿದವನಲ್ಲವೆ! ಪದವು ಎಣಿಕೆಯನ್ನು ಬಿಟ್ಟರೂ ಪಾಲುಮಾಡುವ ಕೈ ಎಣಿಸುತ್ತಲೇ ಇದ್ದಿತು.