ತಪ್ಪು ಬೆರಳಿನದಲ್ಲ

ಮದುವೆ ಮಾತುಕತೆಯಲ್ಲಿ ಹುಡುಗನ ಕೆಲಸ ‘ಯೂಸರ್ ಎಕ್ಸ್‌ಪೀರಿಯನ್ಸ್ ಡಿಸೈನರ್’ ಎಂದರೆ ಹಿರಿಯರು ಒಂದು ಗಳಿಗೆ ಸುಮ್ಮನಾಗಿ, ‘ಅಂದ್ರೆ ಕಂಪ್ಯೂಟರಿನಲ್ಲಿ ಚಿತ್ರ ಬರೆಯೋದಾ?’ ಎನ್ನುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಉತ್ತರಕ್ಕೆ ಎರಡನೆಯ ಮಹಾಯುದ್ಧದ ಕಾಲಕ್ಕೆ ಹೋಗಿಬರುವುದು ಒಳ್ಳೆಯದು.

ಅಮೆರಿಕದ ಬಿ-17 ಬಾಂಬರ್ ವಿಮಾನ ಸುಖವಾಗಿ ನೆಲಕ್ಕಿಳಿದಿರುತ್ತಿತ್ತು. ಆಮೇಲೆ ರೆಕ್ಕೆಯ ಫ್ಲ್ಯಾಪ್ ಮಡಚಲು ಹೋದ ಪೈಲಟ್ ಚಕ್ರಗಳನ್ನೇ ಮಡಚಿಬಿಡುತ್ತಿದ್ದ. ವಿಮಾನ ಹೊಟ್ಟೆಯಡಿಯಾಗಿ ಕುಸಿಯುತ್ತಿತ್ತು. ‘ಪೈಲಟ್ಟಿನ ತಪ್ಪು’ ಎಂದು ಷರಾ ಬರೆದರೆ ಕಡತ ಮುಗಿಯಿತು. ಆಲ್ಫೋನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞರು ಮಾತ್ರ ಕಾಕ್‌ಪಿಟ್ಟನ್ನೇ ನೋಡಿದರು. ಎರಡು ಕೆಲಸಕ್ಕೂ ಅಕ್ಕಪಕ್ಕದಲ್ಲಿ ಒಂದೇ ಥರದ ಸ್ವಿಚ್ಚು! ಒಂದರ ತುದಿಗೆ ಪುಟ್ಟ ರಬ್ಬರ್ ಚಕ್ರ, ಇನ್ನೊಂದಕ್ಕೆ ಬೆಣೆಯಾಕಾರದ ತುಂಡು ಕೂರಿಸುವುದು ಅವರು ಕಂಡುಕೊಂಡ ದಾರಿ. ಆಮೇಲೆ ಕತ್ತಲಲ್ಲೂ ಬೆರಳಿಗೇ ವ್ಯತ್ಯಾಸ ತಿಳಿಯುತ್ತಿತ್ತು.

ಆಗ ಈ ಕಸುಬಿಗೆ ಈ ಹೆಸರಿರಲಿಲ್ಲ. 1993ರಲ್ಲಿ ಆಪಲ್ ಸೇರಿದ ಡಾನ್ ನಾರ್ಮನ್ ತಮ್ಮ ಹುದ್ದೆಗೆ ‘ಯೂಸರ್ ಎಕ್ಸ್‌ಪೀರಿಯನ್ಸ್’ ಎಂಬುದನ್ನು ಸೇರಿಸಿಕೊಂಡ ಮೇಲೆ ಅದು ಎಲ್ಲೆಡೆ ಹಬ್ಬಿತು. ಈಗ ಅದು ಮೊಬೈಲ್ ಪರದೆಯಷ್ಟಕ್ಕೇ ಕುಗ್ಗಿದೆ. ನಾರ್ಮನ್ ಅವರಿಗೋ, ಅಂಗಡಿಯಿಂದ ಕಂಪ್ಯೂಟರಿನ ಪೆಟ್ಟಿಗೆ ತಂದು ಬಿಚ್ಚುವುದೂ ಅದರಲ್ಲಿ ಸೇರಿತ್ತು.

ನನ್ನ ಮಟ್ಟಿಗೆ ಈ ವಿದ್ಯೆಯ ದೊಡ್ಡ ಪಾಠವಿರುವುದು ಮತಗಟ್ಟೆಯಲ್ಲಿ. ನಮ್ಮ ಬೆಂಗಳೂರಿನ ಬಿಇಎಲ್ ತಯಾರಿಸುವ ಮತಯಂತ್ರವನ್ನು ಹತ್ತಿರದಿಂದ ನೋಡಿ. ಹೆಸರು, ಚಿಹ್ನೆ, ಅದೇ ಸಾಲಿನಲ್ಲಿ ನೀಲಿ ಗುಂಡಿ. ಒತ್ತಿದರೆ ಪಕ್ಕದಲ್ಲೇ ಕೆಂಪು ದೀಪ, ಕಿವಿಗೆ ಉದ್ದನೆಯ ‘ಬೀಪ್’. ಮತ ಯಾರಿಗೆ ಬಿತ್ತೆಂದು ತೋರಿಸುವ ಚೀಟಿ ವಿವಿಪ್ಯಾಟ್ ಯಂತ್ರದ ಕಿಟಕಿಯಲ್ಲಿ 7 ಸೆಕೆಂಡು ಕಾಣುತ್ತದೆ. ದೃಷ್ಟಿಯಿಲ್ಲದವರ ಬೆರಳಿಗೆ ಬ್ರೈಲ್ ಅಂಕಿಗಳಿವೆ. ಅಕ್ಷರ ಬಾರದ ಅಜ್ಜಿಯೂ ಒಬ್ಬಳೇ ಒಳಗೆ ಹೋಗಿ, ಯಾರನ್ನೂ ಕೇಳದೆ, ತನ್ನ ಮತ ತಾನು ಹಾಕಿ ಬರುತ್ತಾಳೆ. ಸಂವಿಧಾನ ಕೊಟ್ಟ ಹಕ್ಕು ಅವಳ ಬೆರಳ ತುದಿಯವರೆಗೆ ತಲುಪುವುದೆಂದರೆ ಇದು.

ಅದೇ ಅಜ್ಜಿ ಪಿಂಚಣಿ ದುಡ್ಡು ಬಂತೇ ಎಂದು ಬ್ಯಾಂಕಿನ ಆ್ಯಪ್ ತೆರೆದು, ‘ನಂಗಿದೆಲ್ಲ ತಿಳಿಯಲ್ಲ ಕಣಪ್ಪಾ’ ಎನ್ನುತ್ತ ಫೋನನ್ನು ಮೊಮ್ಮಗನ ಕೈಗೆ ಕೊಡುತ್ತಾಳೆ. ಮತಯಂತ್ರದೆದುರು ತಿಳಿದದ್ದು ಇಲ್ಲೇಕೆ ತಿಳಿಯಲಿಲ್ಲ? ಆ ಮಾತನ್ನು ಅವಳ ದಡ್ಡತನವೆಂದುಕೊಳ್ಳದೆ ಆ್ಯಪ್ ಮೇಲಿನ ದೂರೆಂದು ಬರೆದುಕೊಂಡು, ಅವಳ ಪಕ್ಕ ಕೂತು, ಬೆರಳು ಎಲ್ಲಿ ತಡವರಿಸಿತೆಂದು ನೋಡುವುದೇ ಈ ಡಿಸೈನರ್ ಕೆಲಸ. ಬಣ್ಣ, ಗೆರೆ ಆಮೇಲಿನ ಮಾತು. ಆ್ಯಪ್ ಹೇಗಿರಬೇಕೆಂದು ನಿಶ್ಚಯಿಸುವ ಮೀಟಿಂಗಿಗೆ ಅಜ್ಜಿಯನ್ನು ಯಾರೂ ಕರೆಯುವುದಿಲ್ಲ. ಅಲ್ಲಿ ಅವಳ ಪರವಾಗಿ ಒಬ್ಬರಾದರೂ ಬಾಯಿ ಬಿಡಬೇಕೆಂದೇ ಈ ಹುದ್ದೆ ಇರುವುದು.